ಬಾತ್‌ನಲ್ಲಿ ನಲವತ್ತನೇ ಆನಿವರ್ಸರಿ: ಹಾಲ್ ಪಾರ್ಟಿ ಬೇಡ ಅಂದ್ರೆ ಮಕ್ಕಳಿಗೆ ಬೇಜಾರು, ಏನ್ಮಾಡ್ಲಿ?

ಜಾಜಿ_ಬಳ್ಳಿ
ಎಲ್ರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದ್ಕೊಂಡು ಹೋಗೋಳು ನಾನು, ಬರೆಯೋದು ಅಪರೂಪ, ಇವತ್ತು ಸ್ವಲ್ಪ ಸಲಹೆ ಬೇಕಿತ್ತು.

ಬರೋ ಮೇ ತಿಂಗಳಿಗೆ ನಮ್ಮ ಮದುವೆಯಾಗಿ ನಲವತ್ತು ವರ್ಷ. ನಾವಿರೋದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ, ಇವರು ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಇದ್ದು ರಿಟೈರ್ ಆದ್ರು. ಮಕ್ಕಳಿಬ್ರೂ ಸೇರ್ಕೊಂಡು ಲೆಸ್ಟರ್ ಕಡೆ ಒಂದು ಹಾಲ್ ನೋಡಿದಾರೆ, ನೂರೈವತ್ತು ಜನ, ಕೇಟರಿಂಗು, ಡಿಜೆ, ಹಳೇ ಫೋಟೋ ಎಲ್ಲಾ ಸ್ಕ್ರೀನ್ ಮೇಲೆ ಓಡಿಸ್ತಾರಂತೆ, ಕೊನೇಲಿ ನಾವಿಬ್ರೂ ಸ್ಟೇಜ್ ಮೇಲೆ ಮತ್ತೆ ಹಾರ ಬದಲಾಯಿಸ್ಬೇಕಂತೆ. ಇವ್ರಿಗೂ ಈ ವರ್ಷವೇ ಎಪ್ಪತ್ತು, ಹಾಗಾಗಿ ಮೈಸೂರಿಂದ ನಮ್ಮತ್ತಿಗೆ ಬೇರೆ ದಿನಾ ಫೋನು, ಭೀಮರಥ ಶಾಂತಿ ಊರಲ್ಲೇ ಮಾಡಿಸ್ಬೇಕು ಅಂತ.

ನಮಗೆ ಬೇಕಿರೋದು ಬಾತ್‌ನಲ್ಲಿ ಎರಡು ರಾತ್ರಿ, ನಾವಿಬ್ರೇ, ಅಷ್ಟೇ. ಬಾತ್ ಅಂದ್ರೆ ಇಲ್ಲಿ ಬಿಸಿನೀರ ಬುಗ್ಗೆ ಇರೋ ಹಳೇ ಊರು. ಇವರ ಮೊದಲ ಕೆಲಸ ಬ್ರಿಸ್ಟಲ್ ಪಕ್ಕದ ಆಸ್ಪತ್ರೇಲಿ, ಅಲ್ಲೇ ಕ್ವಾರ್ಟರ್ಸ್‌ನಲ್ಲಿ ಒಂದು ರೂಮು, ಊರಿಗೆ ಫೋನ್ ಮಾಡ್ಬೇಕಂದ್ರೂ ಚಿಲ್ಲರೆ ಎಣಿಸ್ಬೇಕಿತ್ತು. ಡ್ಯೂಟಿ ಇಲ್ಲದ ಭಾನುವಾರ ಟ್ರೈನ್ ಹತ್ತಿದ್ರೆ ಕಾಲು ಗಂಟೇಲಿ ಬಾತ್, ಡಬ್ಬೀಲಿ ಕಟ್ಕೊಂಡು ಹೋದ ಚಿತ್ರಾನ್ನ ರಾಯಲ್ ಕ್ರೆಸೆಂಟ್ ಅನ್ನೋ ಅರ್ಧಚಂದ್ರಾಕಾರದ ಮನೆಸಾಲಿನ ಮುಂದಿನ ಹುಲ್ಲಲ್ಲಿ ಕೂತು ತಿಂದು ಸಂಜೆ ವಾಪಸ್. ಆವಾಗ ಆ ಬಿಸಿನೀರಿಗೆ ಯಾರೂ ಇಳಿಯೋ ಹಾಗೇ ಇರ್ಲಿಲ್ಲ, 1978ರಲ್ಲೇ ನಿಲ್ಲಿಸ್ಬಿಟ್ಟಿದ್ರು. ರೋಮನ್ನರು ಕಟ್ಟಿದ ಹಳೇ ಸ್ನಾನದ ಕೊಳ, ರೋಮನ್ ಬಾತ್ಸ್, ಅದರ ಕಟ್ಟೆ ಮೇಲೆ ನಿಂತು ಹಬೆ ಏಳೋದು ನೋಡೋದು, ಪಂಪ್ ರೂಮಲ್ಲಿ ಒಂದು ಲೋಟ ಆ ನೀರು ಕುಡಿದು ಮುಖ ಕಿವುಚೋದು, ಮುಗೀತು. 2006ರಲ್ಲಿ ಥರ್ಮೆ ಬಾತ್ ಸ್ಪಾ ಅಂತ ಹೊಸದು ತೆಗೆದ್ರಲ್ಲ, ಮಾಳಿಗೆ ಮೇಲೆ ಕೊಳ ಇರೋದು, ಅದಾದ್ಮೇಲೂ ನಾವು ರಸ್ತೆಯಿಂದ ತಲೆ ಎತ್ತಿ ನೋಡಿ ಬಂದಿದ್ದೇ ಬಂದಿದ್ದು. ಆಗ ಮಕ್ಕಳಿಗೆ ಹದಿನಾರು ತುಂಬಿರ್ಲಿಲ್ಲ, ಒಳಗೆ ಬಿಡ್ತಿರ್ಲಿಲ್ಲ, ಆಮೇಲೆ ಇವರಿಗೆ ಆನ್ ಕಾಲ್, ಆಮೇಲೆ ನನಗೆ ಸ್ವಿಮ್ ಸೂಟ್ ಹಾಕ್ಕೊಳಕ್ಕೆ ನಾಚಿಕೆ. ಸೀರೇಲೇ ಕಾವೇರಿಗೆ ಇಳಿದು ಬೆಳೆದೋಳು ನಾನು. ಈ ಸಲ ಇಳೀಲೇಬೇಕು ಅಂತ ತೀರ್ಮಾನ ಮಾಡಿದೀನಿ.

ಮಕ್ಕಳಿಗೆ ಬೇಜಾರಾಗ್ದಂಗೆ ಹೇಗೆ ಹೇಳೋದು? ಮತ್ತೆ ಇವ್ರಿಗೆ ಬಿಪಿ ಮಾತ್ರೆ ನಡೀತಿದೆ, ನನಗೆ ಮಂಡಿ ನೋವು, ಈ ವಯಸ್ಸಲ್ಲಿ ಬಿಸಿನೀರಿಗೆ ಇಳಿದ್ರೆ ಪರ್ವಾಗಿಲ್ವಾ? ಹೋಗಿ ಬಂದೋರು ಹೇಳಿ.

ತುಂಗಾ_ತೀರ
ಮೇಡಂ ಅಭಿನಂದನೆಗಳು. ತಪ್ಪು ತಿಳ್ಕೋಬೇಡಿ, ಬಿಸಿನೀರು ಕಾಣಕ್ಕೆ ಅಷ್ಟು ದುಡ್ಡಾ? ಆ ದುಡ್ಡಲ್ಲಿ ಊರಿಗೆ ಬಂದು ಶೃಂಗೇರೀಲೋ ಹೊರನಾಡಲ್ಲೋ ಶಾಂತಿ ಮಾಡಿಸಿ ನೆಂಟರಿಗೆಲ್ಲ ಊಟ ಹಾಕಿದ್ರೆ ಪುಣ್ಯಾನಾದ್ರೂ ಬರತ್ತೆ.

ಕುಡ್ಲದ_ಹುಡುಗ
ತುಂಗಾ ಸರ್, ಬಿಸಿನೀರೇ ಬೇಕಾದ್ರೆ ನಮ್ಮ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್‌ತೀರ್ಥ ಉಂಟಲ್ಲ, ಪ್ಲೇನ್ ಟಿಕೆಟ್ ಯಾಕೆ 😄 ಆದ್ರೆ ಅವರು ಕೇಳ್ತಾ ಇರೋದು ಬಿಸಿನೀರಿಗೆ ಅಲ್ಲ ಮಾರಾಯ್ರೆ, ಹಳೇ ಜಾಗಕ್ಕೆ ಹೋಗ್ಲಿಕ್ಕೆ.

ಅಕ್ಕಾ, ನಾನು ಬ್ರಿಸ್ಟಲ್‌ನಲ್ಲೇ ಇರೋದು, ಊರಿಂದ ಯಾರು ಬಂದ್ರೂ ಬಾತ್ ತೋರಿಸೋ ಡ್ಯೂಟಿ ನನ್ನದು. ಕಾರಲ್ಲಿ ಬರೋದಾದ್ರೆ ಕ್ಲೀನ್ ಏರ್ ಝೋನ್ ಬೋರ್ಡ್ ನೋಡಿ ಹೆದರ್ಬೇಡಿ, ಅಲ್ಲಿ ಸ್ವಂತ ಕಾರಿಗೆ ಚಾರ್ಜ್ ಇಲ್ಲ, ವ್ಯಾನ್ ಟ್ಯಾಕ್ಸಿ ಲಾರಿ ಅಂಥದ್ದಕ್ಕೆ ಮಾತ್ರ. ಆದ್ರೂ ಒಳಗೆ ಪಾರ್ಕಿಂಗ್ ಸಿಗೋದು ದೊಡ್ಡ ತಲೆನೋವು, ಲ್ಯಾನ್ಸ್‌ಡೌನ್ ಇಲ್ಲಾ ಓಡ್ ಡೌನ್ ಪಾರ್ಕ್ ಆಂಡ್ ರೈಡಲ್ಲಿ ಗಾಡಿ ಬಿಟ್ಟು ಬಸ್ ಹಿಡೀರಿ. ಶನಿವಾರ ರಗ್ಬಿ ಮ್ಯಾಚ್ ಇದ್ಯಾ ಅಂತ ನೋಡ್ಕೊಳ್ಳಿ, ಸ್ಟೇಡಿಯಂ ಊರ ಮಧ್ಯದಲ್ಲೇ ನದಿ ಪಕ್ಕ ಇರೋದು, ಮ್ಯಾಚ್ ಮುಗಿದ್ಮೇಲೆ ಯಾವ ಹೋಟೆಲಲ್ಲೂ ಕೂರ್ಲಿಕ್ಕೆ ಜಾಗ ಇರೂದಿಲ್ಲ.

ರೆಡಿಂಗ್_ರಶ್ಮಿ
ಆಂಟಿ ಹ್ಯಾಪಿ ಆನಿವರ್ಸರಿ ಇನ್ ಅಡ್ವಾನ್ಸ್ 💛 ನಾನು ಲಾಸ್ಟ್ ಇಯರ್ ಅತ್ತೆ ಜೊತೆ ಥರ್ಮೆಗೆ ಹೋಗಿದ್ದೆ ಅವ್ರೂ ನಿಮ್ಮ ಥರಾನೇ ಫಸ್ಟು ಬೇಡ್ವೇ ಬೇಡ ಅಂತಿದ್ರು. ಫುಲ್ ಸ್ಲೀವ್ ಟಾಪು ಮಂಡಿ ಕೆಳಗಿನವರೆಗೂ ಲೆಗ್ಗಿಂಗ್ ಬರೋ ಸ್ವಿಮ್ ಸೂಟ್ ಸಿಗತ್ತೆ ಆನ್‌ಲೈನಲ್ಲಿ, ಅದು ಹಾಕ್ಕೊಂಡ್ರು, ಒಬ್ರೂ ತಿರುಗಿ ನೋಡ್ಲಿಲ್ಲ. ಬಾತ್‌ರೋಬ್, ಟವಲ್, ಚಪ್ಪಲಿ ಎಲ್ಲಾ ಅವ್ರೇ ಕೊಡ್ತಾರೆ ನೀರಿಗೆ ಇಳಿಯೋ ಅಂಚಿನವರೆಗೂ ರೋಬ್ ಹಾಕ್ಕೊಂಡೇ ಹೋಗ್ಬಹುದು, ಇಳಿದ್ಮೇಲೆ ಕುತ್ತಿಗೆವರೆಗೂ ನೀರು, ಇನ್ನೇನು ಕಾಣತ್ತೆ? ಚೇಂಜಿಂಗ್ ರೂಮ್ ಮಾತ್ರ ಗಂಡಸ್ರು ಹೆಂಗಸ್ರು ಎಲ್ರಿಗೂ ಒಂದೇ ಕಡೆ, ಅತ್ತೆ ಅಲ್ಲೇ ವಾಪಸ್ ಹೊರಟುಬಿಟ್ರು, ಆಮೇಲೆ ನೋಡಿದ್ರೆ ಒಳಗಡೆ ಬಾಗಿಲಿರೋ ಪುಟ್ಟ ಪುಟ್ಟ ಕ್ಯಾಬಿನ್ ಇದಾವೆ. ತಾಳಿ ತೆಗೀಲಿಲ್ಲ ಒಳಗೆ ಸೇರಿಸ್ಕೊಂಡ್ರು, ಬಳೆ ಬಿಚ್ಚಿ ಲಾಕರಲ್ಲಿಟ್ರು. ಲಾಕರ್ ಬೀಗಕ್ಕೆ ಕೈಗೊಂದು ಬ್ಯಾಂಡ್ ಕಟ್ತಾರೆ, ಒಳಗೆ ಏನಾದ್ರೂ ತಿಂದ್ರೂ ಅದ್ರಲ್ಲೇ ಲೆಕ್ಕ ಬರ್ಕೊಳ್ಳೋದು.

ಅಷ್ಟೂ ಜನ ಇರೋದೇ ಬೇಡ ಅಂದ್ರೆ ಎದುರುಗಡೆ ಕ್ರಾಸ್ ಬಾತ್ ಅಂತ ಮೇಲೆ ಸೂರಿಲ್ಲದ ಚಿಕ್ಕ ಕೊಳ ಇದೆ, ಬೇರೆ ಕಟ್ಟಡ, ನೀವು ನೀವೇ ಪೂರ್ತಿ ಬುಕ್ ಮಾಡ್ಬಹುದು ಅದನ್ನ. ಇಬ್ರಿಗೇ ಅಂದ್ರೆ ದುಬಾರಿ ಆಗತ್ತೆ ಅಷ್ಟೇ.

ಆದ್ರೆ ಆಂಟಿ ಮಕ್ಕಳ ವಿಷ್ಯದಲ್ಲಿ ನಾನು ಸ್ವಲ್ಪ ಅವ್ರ ಪರ. ನಮ್ಮ ಅಪ್ಪ ಅಮ್ಮಂದು ಇಪ್ಪತ್ತೈದನೇದು ಮಾಡೋಣ ಅಂದಾಗ ಏನೂ ಬೇಡ ಏನೂ ಬೇಡ ಅಂದ್ರು, ನಾವೂ ಬಿಟ್ವಿ, ಆಮೇಲೆ ಅಪ್ಪ ಇಲ್ಲ. ಈಗ ನೋಡೋಣ ಅಂದ್ರೆ ಅವ್ರಿಬ್ರೂ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ನಕ್ಕೊಂಡು ನಿಂತಿರೋ ಒಂದು ಫೋಟೋ ಇಲ್ಲ ನಮ್ಮತ್ರ. ಪಾರ್ಟಿ ನಿಮಗಾಗಿ ಅಂತ ಅವ್ರು ಹೇಳ್ತಾರೆ ಆದ್ರೆ ಅದು ಅವ್ರಿಗಾಗೂ ಇರತ್ತೆ.

ಜಾಜಿ_ಬಳ್ಳಿ
ರಶ್ಮಿ, ನೀ ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ಕಣಮ್ಮ. ಇವ್ರಿಗೂ ಓದಿ ಹೇಳ್ದೆ. ಆದ್ರೆ ನೂರೈವತ್ತು ಜನ, ಅದ್ರಲ್ಲಿ ನನಗೆ ಅರ್ಧ ಜನದ ಹೆಸ್ರೇ ಗೊತ್ತಿರಲ್ಲ. ಇವ್ರಿಗೆ ಹಿಯರಿಂಗ್ ಏಡ್ ಇದೆ, ಗದ್ದಲ ಇರೋ ಹಾಲಲ್ಲಿ ಏನೂ ಕೇಳ್ಸಲ್ಲ, ಎಲ್ರಿಗೂ ಸುಮ್ನೆ ನಗ್ತಾ ತಲೆ ಆಡಿಸ್ಕೊಂಡು ನಿಂತಿರ್ತಾರೆ, ನನಗೆ ಅದು ನೋಡಕ್ಕಾಗಲ್ಲ.

ಕ್ರಾಸ್ ಬಾತ್ ಗೊತ್ತು ನಂಗೆ! ಗೈಡ್ ಒಬ್ರು ಹೇಳಿದ್ರು, ಎರಡನೇ ಜೇಮ್ಸ್ ರಾಜನ ಹೆಂಡತಿ ಮೇರಿ ಆಫ್ ಮೊಡೆನಾ ಮಕ್ಕಳಾಗ್ಲಿ ಅಂತ 1687ರಲ್ಲಿ ಅಲ್ಲಿ ಬಂದು ಮಿಂದಳಂತೆ, ಮಾರನೇ ವರ್ಷ ಗಂಡು ಮಗು. ಇವ್ರು ಆವಾಗಿಂದ ಆ ಕಡೆ ಹೋದಾಗೆಲ್ಲ "ಇನ್ನು ನಮಗೆ ರಿಸ್ಕ್ ಇಲ್ಲ ಬಾ" ಅಂತ ತಮಾಷೆ ಮಾಡ್ತಾರೆ.

ಬನಶಂಕರಿ_ಬಾಬು
ನಾವು ಟೂರ್ ಬಸ್ಸಲ್ಲಿ ಹೋಗಿದ್ವಿ, ಸ್ಟೋನ್‌ಹೆಂಜ್ ಮುಗಿಸ್ಕೊಂಡು ಬಾತ್ ಎರಡು ಗಂಟೆ. ಹಸಿರು ಹಸಿರು ಪಾಚಿ ನೀರು, ಅದಕ್ಕೆ ಟಿಕೆಟ್ ಬೇರೆ. ಆ ನೀರಲ್ಲಿ ಮಿದುಳು ತಿನ್ನೋ ಅಮೀಬಾ ಇದೆ ಅಂತ ಗೈಡೇ ಹೇಳ್ದ. ಮೇಡಂ ಹುಷಾರು.

ಪೇಡೆ_ಡಾಕ್ಟರ್
ಅಕ್ಕಾರ ನಮಸ್ಕಾರ್ರಿ. ನಾನು ಕಾರ್ಡಿಫ್‌ನ್ಯಾಗ ಇರ್ತೇನಿ, ಮೂಲ ಧಾರವಾಡ. ಅಮೀಬಾ ಮಾತು ಬಂತಲ್ಲ, ಅದಕ್ಕ ನಾನೂ ಬಾಯಿ ಹಾಕ್ತೇನಿ.

ಬಾಬು ಅವರು ಹೇಳಿದ್ದು ಸುಳ್ಳಲ್ಲ, ಖರೇನ ಅದ, ಆದ್ರ ಅರ್ಧಾ. 1978ರಾಗ ಆ ಬುಗ್ಗಿ ನೀರಿನ ಕೊಳದಾಗ ಈಜಿದ ಹುಡುಗಿ ಒಬ್ಬಾಕಿ ಮೆದುಳಿಗೆ ಸೋಂಕಾಗಿ ತೀರ್ಕೊಂಡ್ಲು, ನೇಗ್ಲೇರಿಯಾ ಫೌಲೆರಿ ಅಂತ ಅದರ ಹೆಸರು, ಈಗೀಗ ಕೇರಳದ ಸುದ್ದಿಯೊಳಗ ಬರ್ತದಲ್ರಿ, ಅದ. ಬೆಚ್ಚನ್ನ ನೀರಿನ್ಯಾಗ ಬೆಳೀತದ. ಕುಡದ್ರ ಏನೂ ಆಗೂದಿಲ್ಲ, ಮೂಗಿನಾಗ ನೀರು ಏರಿ ಅಲ್ಲಿಂದ ಮೆದುಳಿಗೆ ಹೋಗೂದು ಅದರ ದಾರಿ. ಅದಕ್ಕ ಸ್ನಾನ ಬಂದ್ ಮಾಡಿದ್ರು. ಆಮ್ಯಾಲ ಎಂಬತ್ತರ ದಶಕದಾಗ ಆಳಕ್ಕ ಹೊಸಾ ಬೋರ್ ಹೊಡದು ಶುದ್ಧ ನೀರು ತಗದ್ರು. ಈಗ ಥರ್ಮೆಗೆ ಹೋಗೂದು ಆ ನೀರು, ಅದನ್ನ ಫಿಲ್ಟರ್ ಮಾಡಿ, ಕ್ರಿಮಿ ಸಾಯೂಹಂಗ ಮಾಡಿ, ಆರಿಸಿ ಬಿಡ್ತಾರ. ಬುಗ್ಗಿ ಒಳಗ 46 ಡಿಗ್ರಿ ಇರ್ತದ್ರಿ, ಅಷ್ಟು ಬಿಸಿಯಾಗ ಯಾರು ಕೂಡ್ತಾರ? ಕೊಳದಾಗ 34-35ರ ಆಸುಪಾಸು. ಬಾಬು ಅವರು ನೋಡಿದ ಹಸಿರು ನೀರು ರೋಮನ್ನರ ದೊಡ್ಡ ಕೊಳದ್ದು, ಅದಕ್ಕ ಈಗ ಮ್ಯಾಲ ಸೂರಿಲ್ಲ, ಬಿಸಲು ಬಿದ್ದು ಪಾಚಿ ಕಟ್ಟೇದ. ಅದರಾಗ ಕೈ ಅದ್ದಲಿಕ್ಕೂ ಬಿಡೂದಿಲ್ಲ.

ಇನ್ನ ಬಿಪಿ. ಬೆಚ್ಚನ್ನ ನೀರಾಗ ರಕ್ತನಾಳ ಹಿಗ್ಗತಾವ, ಬಿಪಿ ಇಳೀತದ. ಜೊತಿಗೆ ಕುತ್ತಿಗಿತನಕ ನೀರಾಗ ಕೂತ್ರ ನೀರಿನ ಒತ್ತಡಕ್ಕ ಕಾಲಾಗಿನ ರಕ್ತ ಎದಿ ಕಡೆ ಬರ್ತದ, ಮೈಯಾಗ ನೀರು ಹೆಚ್ಚಾಗೇದ ಅಂತ ಕಿಡ್ನಿ ತಿಳ್ಕೋತದ, ಒಂದಕ್ಕ ಭಾಳ ಬರ್ತದ. ಇದು ಬರೇ ಮಾತಲ್ರಿ. ಬಾತ್‌ನ್ಯಾಗ 1738ರಾಗ ಬಡವರ ಸಲುವಾಗಿ ಒಂದು ಮಿನರಲ್ ವಾಟರ್ ಹಾಸ್ಪಿಟಲ್ ಕಟ್ಟಲಿಕ್ಕ ಸುರು ಮಾಡಿದ್ರು, 1742ರಾಗ ಚಾಲೂ ಆತು, ಊರ ಮಂದಿ ಇವತ್ತಿಗೂ "ದ ಮಿನ್" ಅಂತಾರ. ಆಗಿನ ಕಾಲದಾಗ ಸೀಸದ ವಿಷ ಏರಿ ಕೈ ಬಿದ್ದು ಹೋದವ್ರು ಭಾಳ ಬರ್ತಿದ್ರು, ಬಣ್ಣದ ಕೆಲಸದವ್ರು, ಸೀಸದ ಕೆಲಸದವ್ರು. ಅವರನ್ನ ವಾರಗಟ್ಟಲೆ ಬಿಸಿನೀರಾಗ ಕೂಡಸ್ತಿದ್ರು, ಭಾಳ ಮಂದಿಗೆ ಗುಣಾನೂ ಆಗ್ತಿತ್ತು ಅಂತ ಆಸ್ಪತ್ರಿ ದಾಖಲೆಯೊಳಗ ಅದ. ದೇವರ ಮಹಿಮಾ ಅಂದ್ರು, ಖನಿಜದ ಮಹಿಮಾ ಅಂದ್ರು. 1980ರ ದಶಕದಾಗ ಬ್ರಿಸ್ಟಲ್ ಕಡೆ ಡಾಕ್ಟರು ಮತ್ತ ಅದನ್ನ ಪರೀಕ್ಷಾ ಮಾಡಿ ನೋಡಿದ್ರ, ಹಂಗ ಮುಳುಗಿ ಕೂತವರ ಮೂತ್ರದಾಗ ಸೀಸ ಹೆಚ್ಚ ಹೊರಗ ಹೋಗ್ತಿತ್ತು. ಖನಿಜಕ್ಕಿಂತ ಕೂಡೂದ ಮುಖ್ಯ ಅಂದಂಗಾತು.

ಅದಕ್ಕ ಅಕ್ಕಾರ, ಸರ್ ಅವರು ನೀರಿನಿಂದ ಏಳೂಮುಂದ ಧಡಕ್ಕನ ಏಳಬಾರ್ದು. ಮೆಟ್ಲ ಮ್ಯಾಲ ಒಂದ ನಿಮಿಷ ಕೂತು, ಕಂಬಿ ಹಿಡದು ಏಳ್ರಿ. ಹತ್ತ-ಹದಿನೈದು ನಿಮಿಷಕ್ಕೊಮ್ಮೆ ಹೊರಗ ಬಂದು ಸಾದಾ ನೀರು ಕುಡೀರಿ. ನೀರಿನ ಮಾತ್ರಿ (ಮೂತ್ರ ಹೆಚ್ಚ ಮಾಡೂ ಮಾತ್ರಿ) ತಗೋತಿದ್ರ ಮೊದಲ ತಮ್ಮ ಜಿಪಿ (ಫ್ಯಾಮಿಲಿ ಡಾಕ್ಟರ್) ಕಡೆ ಒಂದ್ ಮಾತು ಕೇಳ್ರಿ, ಅವರೂ ಡಾಕ್ಟರ್ ಇರಬಹುದು, ಆದ್ರ ತಮಗ ತಾವ ಡಾಕ್ಟರ್ ಆಗೂದು ಬ್ಯಾಡ. ಸ್ಟೀಮ್ ರೂಮಿಗೆ ಅವರು ಹೋಗದಿದ್ರ ಛಲೋ. ನಿಮ್ಮ ಮಣಕಾಲಿಗೆ ಮಾತ್ರ ಸ್ವರ್ಗ ಅದು, ನೀರಾಗ ಮೈ ಭಾರ ಇಳೀತದಲ್ರಿ, ಅಲ್ಲೇ ಅಡ್ಡಾಡ್ರಿ.

ಬನಶಂಕರಿ_ಬಾಬು
ಡಾಕ್ಟ್ರೇ ಇಷ್ಟು ಚೆನ್ನಾಗಿ ಆ ಗೈಡ್ ಹೇಳಿದ್ರೆ ಟಿಕೆಟ್ ದುಡ್ಡಿಗೆ ಬೇಜಾರೇ ಆಗ್ತಿರ್ಲಿಲ್ಲ.

ಕುಡ್ಲದ_ಹುಡುಗ
ಬಾಬು ಸರ್, ಮುಂದಿನ ಸಲ ಪಂಪ್ ರೂಮ್ ಎದುರು ನಿಂತ್ಕೊಳ್ಳಿ. ಮೇಯರ್ಸ್ ಗೈಡ್ಸ್ ಅಂತ 1934ರಿಂದ ಊರಿನವ್ರೇ ಫ್ರೀಯಾಗಿ ಊರು ಸುತ್ತಿಸ್ತಾರೆ, ಟಿಪ್ ಕೊಟ್ರೂ ತಗೊಳ್ಳೂದಿಲ್ಲ. ಬಸ್ಸಿನ ಗೈಡ್ ಅಮೀಬಾ ಹೇಳಿ ನೇರ ಗಿಫ್ಟ್ ಶಾಪಿಗೆ ಕರ್ಕೊಂಡು ಹೋಗಿರ್ತಾನೆ ಅಷ್ಟೇ 😄

ನನಗೆ ರೋಮನ್ ಬಾತ್ಸ್ ಮ್ಯೂಸಿಯಂ ಒಳಗೆ ಎಲ್ಲಕ್ಕಿಂತ ಇಷ್ಟ ಆ ಸೀಸದ ತಗಡುಗಳು. ಬುಗ್ಗೆಯೊಳಗೆ ನೂರಮೂವತ್ತರಷ್ಟು ಸಿಕ್ಕಿವೆ. ಸುಲಿಸ್ ಮಿನರ್ವಾ ಅಂತ ದೇವಿ ಅಲ್ಲಿಯವಳು. ಸ್ನಾನಕ್ಕೆ ಬಂದವರ ಬಟ್ಟೆಬರೆ ಕಳವಾದ್ರೆ ಏನು ಮಾಡೂದು, ಪೊಲೀಸ್ ಉಂಟಾ ಆಗ? ಒಂದು ತಗಡಲ್ಲಿ ಕೊರೆದು, ಸುತ್ತಿ, ನೀರಿಗೆ ಎಸೆಯೂದು. ಡೊಸಿಮೆಡಿಸ್ ಅಂತ ಒಬ್ಬನ ಎರಡು ಗ್ಲೌಸ್ ಕಳೆದುಹೋಗಿದೆ, ಕದ್ದವನ ಬುದ್ಧಿ ಹೋಗ್ಲಿ, ಕಣ್ಣು ಹೋಗ್ಲಿ ಅಂತ ದೇವಿಗೆ ಬರೆದುಕೊಟ್ಟಿದ್ದಾನೆ. ಗ್ಲೌಸಿಗೆ ಕಣ್ಣು! ನಮ್ಮಲ್ಲಿ ಅಡಿಕೆ ಕಳ್ಳತನ ಆದ್ರೆ "ಕಾನತ್ತೂರಿನ ದೈವಗಳ ಹತ್ರ ಹೋಗಿ ಹೇಳ್ತೇನೆ ನೋಡು" ಅಂತ ಬೇಲಿ ಹತ್ರ ನಿಂತು ಬೊಬ್ಬೆ ಹಾಕ್ತಾರಲ್ಲ, ಸೇಮ್ ಕೇಸು. ನನ್ನ ಅಜ್ಜಿ ಅಲ್ಲಿ ಬಂದ್ರೆ ಲ್ಯಾಟಿನ್ ಓದ್ಲಿಕ್ಕೆ ಬಾರದಿದ್ರೂ ಎಲ್ಲ ಅರ್ಥ ಆಗ್ತಿತ್ತು.

ಅಂದ ಹಾಗೆ ನಾನು ಬಿಲ್ಡಿಂಗ್ ಸರ್ವಿಸಸ್ ಇಂಜಿನಿಯರ್, ಹಾಗಾಗಿ ಇದೊಂದು ಹೇಳದೆ ಇರ್ಲಿಕ್ಕೆ ಆಗೂದಿಲ್ಲ. ದಿನಕ್ಕೆ ಹನ್ನೊಂದು ಲಕ್ಷ ಎಪ್ಪತ್ತು ಸಾವಿರ ಲೀಟರ್ ಬಿಸಿನೀರು ಬರ್ತದೆ, ಮೆಂಡಿಪ್ ಗುಡ್ಡದಲ್ಲಿ ಬಿದ್ದ ಮಳೆ ಸುಣ್ಣಕಲ್ಲಿನೊಳಗೆ ಕಿಲೋಮೀಟರ್‌ಗಟ್ಟಲೆ ಕೆಳಗೆ ಇಳಿದು ಕಾದು ಮೇಲೆ ಬರೂದು. ಅಷ್ಟೂ ಶಾಖ ರೋಮನ್ನರು ಕಟ್ಟಿದ ಚರಂಡಿಯಲ್ಲಿ ಏವನ್ ನದಿಗೆ ಹೋಗಿ ವೇಸ್ಟ್ ಆಗ್ತಿತ್ತು. ಈಗ ಆ ಚರಂಡಿಯ ಶಾಖ ತಗೊಂಡು ಪಕ್ಕದ ಬಾತ್ ಅಬ್ಬೆ ಚರ್ಚಿನ ನೆಲ ಬಿಸಿ ಮಾಡ್ತಾರೆ. ಮಂಡಿ ನೋವಿದ್ರೆ ಅಲ್ಲಿ ಒಂದಷ್ಟು ಹೊತ್ತು ಕೂತ್ಕೊಳ್ಳಿ ಅಕ್ಕಾ.

ತುಂಗಾ_ತೀರ
ಓದ್ತಾ ಓದ್ತಾ ನಂಗೂ ಹೋಗ್ಬೇಕು ಅನ್ನಿಸ್ತಾ ಇದೆ, ಇದೊಳ್ಳೆ ಕತೆ ಆಯ್ತು. ಆದ್ರೂ ಶಾಂತಿ ಮಾಡಿಸೋದು ಬಿಡ್ಬೇಡಿ.

ಹೊಯ್ಸಳ_ಇನ್_ಹೌನ್ಸ್ಲೋ
ಹೋಟೆಲ್ ವಿಷಯ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ ಯಾಕಂದ್ರೆ ಅನುಭವಿಸಿದೀನಿ. ಅಲ್ಲಿ ಮುಕ್ಕಾಲು ಪಾಲು ಹೋಟೆಲ್ ಹದಿನೆಂಟನೇ ಶತಮಾನದ ಮನೆಗಳು, ಲಿಸ್ಟೆಡ್ ಬಿಲ್ಡಿಂಗು, ಅಂದ್ರೆ ಕಾನೂನಿನ ರಕ್ಷಣೆ ಇರೋವು, ಲಿಫ್ಟ್ ಹಾಕೋಕೆ ಪರ್ಮಿಷನ್ ಸಿಗೋದೇ ಕಷ್ಟ. ನಮ್ಮಪ್ಪ ಅಮ್ಮನಿಗೆ ಅಂತ ನಾನು ಬುಕ್ ಮಾಡಿದ್ದು (ಹೆಸರು ಬೇಡ ಬಿಡಿ) ಫೋಟೋದಲ್ಲಿ ಅರಮನೆ, ಹೋಗಿ ನೋಡಿದ್ರೆ ರೂಮು ಅಟ್ಟದಲ್ಲಿ, ಮೇಲಕ್ಕೆ ಹೋಗ್ತಾ ಹೋಗ್ತಾ ಮೆಟ್ಟಿಲು ಇನ್ನೂ ಕಿರಿದು, ಅಪ್ಪ ಸೂಟ್‌ಕೇಸ್ ಹಿಡ್ಕೊಂಡು ಎರಡನೇ ಮಹಡೀಲೇ ಕೂತ್ಬಿಟ್ರು, ರಿಸೆಪ್ಶನ್‌ನಲ್ಲಿ ಕೇಳಿದ್ರೆ ವೆಬ್‌ಸೈಟಲ್ಲಿ ಹಾಕಿದೀವಲ್ಲ ಸರ್ ಅಂತಾರೆ. ಹಾಕಿದ್ರು ನಿಜ, ಭೂತಗನ್ನಡಿ ಬೇಕಿತ್ತು ಓದೋಕೆ. ಸೋ ಫೋನ್ ಮಾಡಿ "ಲಿಫ್ಟ್ ಇದ್ಯಾ, ಇಲ್ಲಾ ಗ್ರೌಂಡ್ ಫ್ಲೋರ್ ಕೊಡ್ತೀರಾ" ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು, ಊರು ಬೋಗುಣಿಯೊಳಗಿದೆ, ಸ್ಟೇಷನ್ ಅಬ್ಬೆ ಥರ್ಮೆ ಎಲ್ಲಾ ತಗ್ಗಲ್ಲಿ, ಕ್ರೆಸೆಂಟು, ಸರ್ಕಸ್ಸು (ಗುಂಡಗೆ ಕಟ್ಟಿದ ಮನೆಸಾಲು) ಏರಲ್ಲಿ. ಟ್ಯಾಕ್ಸೀಲಿ ಮೇಲೆ ಹೋಗಿ ಇಳಿಜಾರಲ್ಲಿ ನಡ್ಕೊಂಡು ಬನ್ನಿ. ಸರ್ಕಸ್‌ನಿಂದ ಕ್ರೆಸೆಂಟ್‌ವರೆಗೂ ಬ್ರಾಕ್ ಸ್ಟ್ರೀಟ್ ಚಪ್ಪಟೆ ರಸ್ತೆ, ಅಲ್ಲಿ ತೊಂದ್ರೆ ಇಲ್ಲ.

ರೆಡಿಂಗ್_ರಶ್ಮಿ
ಮೇ ಕೊನೇ ವಾರ ಸ್ಕೂಲ್ ಹಾಫ್ ಟರ್ಮ್ ರಜೆ ಆಂಟಿ, ಬ್ಯಾಂಕ್ ಹಾಲಿಡೇನೂ ಬರತ್ತೆ, ಅದು ಬಿಟ್ಟು ಹೋಗಿ. ಥರ್ಮೆ ವಾರದ ಮಧ್ಯೆ ರೇಟು ಕಮ್ಮಿ, ರಷ್ಷೂ ಕಮ್ಮಿ. ಎರಡು ಗಂಟೆ ಸೆಷನ್ನು. ಸಂಜೆ ಸ್ಲಾಟ್ ಸಿಕ್ರೆ ಬೆಸ್ಟು, ಮೇಲಿಂದ ಅಬ್ಬೆ ಗೋಪುರ ಕಾಣತ್ತೆ.

ಜಾಜಿ_ಬಳ್ಳಿ
ಎಷ್ಟು ಜನ ಎಷ್ಟು ಪ್ರೀತಿಯಿಂದ ಬರೆದಿದೀರ. ಡಾಕ್ಟ್ರೇ, ಇವರು ನಿಮ್ಮ ಉತ್ತರ ಪೂರ್ತಿ ಓದಿ "ಸರಿಯಾಗೇ ಹೇಳ್ತಿದಾನೆ" ಅಂದ್ರು, ಅಷ್ಟು ಸುಲಭಕ್ಕೆ ಯಾರಿಗೂ ಹಾಗನ್ನಲ್ಲ. ಜಿಪಿ ಹತ್ರ ಕೇಳಿಯೂ ಆಯ್ತು, ಹೋಗ್ಬನ್ನಿ ಅಂದ್ರಂತೆ.

ಮಕ್ಕಳ ಹತ್ರ ಮಾತಾಡ್ದೆ. ಸುತ್ತಿ ಬಳಸಿ ಹೇಳ್ಲಿಲ್ಲ. "ಆ ದಿನ ನಮ್ಮದು, ಆಮೇಲಿನ ಶನಿವಾರ ನಿಮ್ಮದು" ಅಂದೆ. ಮಗ ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ, ಹಾಲಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿರ್ಲಿಲ್ಲ ಸದ್ಯ. ಮಗಳು ಮಾತ್ರ "ಅಮ್ಮಾ, ನೀನು ಸ್ವಿಮ್ ಸೂಟಾ?" ಅಂತ ಅದೊಂದೇ ಹಿಡ್ಕೊಂಡಳು. ಶನಿವಾರ ಮನೇಲೇ ಸತ್ಯನಾರಾಯಣ ಪೂಜೆ, ಹಿತ್ತಲಲ್ಲಿ ಊಟ, ಹತ್ತಿರದೋರು ಮಾತ್ರ, ಫೋಟೋ ಎಷ್ಟು ಬೇಕಾದ್ರೂ ತೆಗೀಲಿ (ರಶ್ಮಿ, ಇದು ನೀ ಹೇಳಿದ್ದಕ್ಕೆ). ತುಂಗಾ ಅವರೇ, ಶಾಂತಿ ದಸರಾ ಹೊತ್ತಿಗೆ ಮೈಸೂರಲ್ಲಿ, ನಮ್ಮತ್ತಿಗೆ ಗೆದ್ರು.

ತಿಂಡಿ ವಿಷ್ಯ ಒಂದು ಹೇಳಿ. ಸ್ಯಾಲಿ ಲನ್ ಬನ್ನು ನನಗೆ ಇಷ್ಟ, ಆದ್ರೆ ಈಗ ನಾನು ಮೊಟ್ಟೆ ಬಿಟ್ಟಿದೀನಿ. ಅದ್ರಲ್ಲಿ ಇರತ್ತಾ?

ಕುಡ್ಲದ_ಹುಡುಗ
ಅದು ಬ್ರಿಯೋಶ್ ಥರದ ಹಿಟ್ಟು ಅಕ್ಕಾ, ಮೊಟ್ಟೆ ಬೆಣ್ಣೆ ಎರಡೂ ಇರುವ ಜಾತಿ. ಕೌಂಟರಲ್ಲಿ ಕೇಳಿಯೇ ತಗೊಳ್ಳಿ. ಊರಲ್ಲಿ ವೆಜ್ ವೀಗನ್ ಎಲ್ಲ ಈಗ ಧಾರಾಳ ಸಿಗ್ತದೆ, ಹಿಂದಿನ ಹಾಗೆ ಚೀಸ್ ಸ್ಯಾಂಡ್‌ವಿಚ್ ಒಂದೇ ಗತಿ ಅಲ್ಲ. ಆದ್ರೆ ಕ್ರೆಸೆಂಟ್ ಮುಂದೆ ಚಿತ್ರಾನ್ನವೇ ತಿನ್ನಿ ಪ್ಲೀಸ್. ಹುಲ್ಲಿನ ಕೆಳಗಿನ ಭಾಗ ವಿಕ್ಟೋರಿಯಾ ಪಾರ್ಕಿಗೆ ಸೇರಿದ್ದು, ಯಾರು ಬೇಕಾದ್ರೂ ಕೂರ್ಬಹುದು, ಮೇಲಿನ ಭಾಗ ಅಲ್ಲಿ ಮನೆ ಇರುವವರದ್ದು. ಮಧ್ಯೆ ತಗ್ಗು ಗೋಡೆ ಉಂಟು, ದೂರದಿಂದ ಕಾಣೂದೇ ಇಲ್ಲ.

ಪೇಡೆ_ಡಾಕ್ಟರ್
ಹರ್ಷಲ್ ಅವರ ಮನಿ ನೋಡ್ಯಾರೇನ್ರಿ ಸರ್? ನ್ಯೂ ಕಿಂಗ್ ಸ್ಟ್ರೀಟ್ 19. ಚರ್ಚಿನಾಗ ಆರ್ಗನ್ ಬಾರಸ್ತಿದ್ದ ಮನಿಷ್ಯಾ, ಹಿತ್ತಲದಾಗ ತಾನ ಮಾಡಿದ ದುರ್ಬೀನು ಇಟ್ಟು 1781ರ ಮಾರ್ಚ್ 13ಕ್ಕ ಯುರೇನಸ್ ಕಂಡುಹಿಡದ. ಕೆಳಗ ವರ್ಕ್‌ಶಾಪಿನ್ಯಾಗ ಕನ್ನಡಿ ಎರಕಾ ಹೊಯ್ಯೂಮುಂದ ಕಾದ ಲೋಹ ಚೆಲ್ಲಿ ನೆಲದ ಕಲ್ಲು ಸೀಳ್ಯಾವ, ಆ ಸೀಳು ಇನ್ನೂ ಹಂಗ ಅದಾವ. ತಂಗಿ ಕ್ಯಾರೊಲಿನ್ ಇರಲಿಲ್ಲಂದ್ರ ಅವನ ಅರ್ಧಾ ಕೆಲಸ ಆಗ್ತಿರಲಿಲ್ಲ, ಮುಂದ ಆಕಿನೂ ಧೂಮಕೇತು ಕಂಡುಹಿಡದ್ಲು. ಸಣ್ಣ ಮನಿ, ಒಂದ ತಾಸು ಸಾಕು.

ಜಾಜಿ_ಬಳ್ಳಿ
ಹೋಗ್ಬಂದ್ವಿ!! ಬರೀತೀನಿ ಅಂದಿದ್ದೆ, ಪೂಜೆ ಗಡಿಬಿಡೀಲಿ ತಡ ಆಯ್ತು.

ಹೋಟೆಲಲ್ಲಿ ಲಿಫ್ಟ್ ಇತ್ತು, ಹೊಯ್ಸಳ ಅವರಿಗೆ ಥ್ಯಾಂಕ್ಸ್. ಮೊದಲ ದಿನ ಚಿತ್ರಾನ್ನ ಆಯ್ತು, ಹರ್ಷಲ್ ಮನೆ ಆಯ್ತು, ಇವರು ಆ ಸೀಳು ಬಿಟ್ಟ ಕಲ್ಲಿನ ಮುಂದೆ ಬಗ್ಗಿ ನೋಡಿದ್ದೇ ನೋಡಿದ್ದು, ಅಲ್ಲಿದ್ದ ವಾಲಂಟಿಯರ್ ಜೊತೆ ಮಾತು ಶುರು ಮಾಡಿದ್ರೆ ಮುಗೀಲೇ ಇಲ್ಲ. ಆ ಗ್ಲೌಸ್ ಕಳ್ಕೊಂಡೋನ ತಗಡೂ ನೋಡಿದ್ವಿ. ಇಷ್ಟು ವರ್ಷ ಅದ್ರ ಮುಂದೇನೇ ಹಾದು ಹೋಗಿದೀವಿ, ಓದೇ ಇರ್ಲಿಲ್ಲ.

ಎರಡನೇ ದಿನ ಸಂಜೆ ಥರ್ಮೆ. ಉದ್ದ ತೋಳಿನ ಆ ಡ್ರೆಸ್ ಹಾಕ್ಕೊಂಡು ಕ್ಯಾಬಿನಿಂದ ಹೊರಗೆ ಬಂದ್ರೆ ಇವರು ಮೇಲಿಂದ ಕೆಳಗೆ ನೋಡಿ "ಕಪ್ಪೆ ಹಿಡಿಯಕ್ಕೆ ಹೊರಟಂಗಿದೀಯ" ಅಂದ್ರು, ನಲವತ್ತು ವರ್ಷಕ್ಕೆ ಸಿಕ್ಕಿದ ಕಾಂಪ್ಲಿಮೆಂಟು ಅದು. ಮೊದಲು ಕೆಳಗಡೆ ಮಿನರ್ವಾ ಬಾತ್‌ನಲ್ಲಿ ಅಭ್ಯಾಸ ಮಾಡ್ಕೊಂಡ್ವಿ, ಅಲ್ಲಿ ಒಂದು ಕಡೆ ನೀರು ತಾನೇ ಮೆಲ್ಲಗೆ ಸುತ್ತ ತಳ್ಕೊಂಡು ಹೋಗತ್ತೆ, ಮಂಡಿ ಮೇಲೆ ಭಾರ ಬೀಳ್ದೆ ನಡೆಯೋದು ಎಷ್ಟು ವರ್ಷದ ಮೇಲೋ. ಆಮೇಲೆ ಲಿಫ್ಟಲ್ಲಿ ಮಾಳಿಗೆಗೆ.

ಇವ್ರು ಕನ್ನಡಕ, ಹಿಯರಿಂಗ್ ಏಡು ಎರಡೂ ಲಾಕರಲ್ಲಿಟ್ಟು ಬಂದಿದ್ರು. ಅಂದ್ರೆ ಮೇಲೆ ಹೋದ್ಮೇಲೆ ಕಾಣಲ್ಲ, ಕೇಳಲ್ಲ. ಹೊರಗೆ ತಣ್ಣನೆ ಗಾಳಿ, ನೀರಿಂದ ಹಬೆ, ನಾನು ಇವರ ತೋಳು ಹಿಡ್ಕೊಂಡು ಕಾಮೆಂಟರಿ: ರೀ ಅದು ಅಬ್ಬೆ, ಅದು ಬೆಟ್ಟ, ಅಲ್ಲಿ ಬಲೂನು ಹಾರ್ತಿದೆ. ಎಲ್ಲಾ ಕಿರುಚಿ ಕಿರುಚಿ. ಇವ್ರು ಸುಮ್ನೆ ಮೂಲೆ ಕಡೆ ತೇಲ್ಕೊಂಡು ಹೊರಟ್ರು. ಅಲ್ಲಿ ಒಂದು ಹುಡುಗ ಹುಡುಗಿ ಒಬ್ರಿಗೊಬ್ರು ಅಂಟ್ಕೊಂಡು ನಿಂತಿದ್ರು. ನಾನು "ರೀ! ಆ ಕಡೆ ಹೋಗ್ಬೇಡ್ರೀ, ಅಲ್ಲಿ ಮುದ್ದು ಮಾಡ್ತಿದಾರೆ!" ಅಂತ ಕೂಗಿದೆ, ಕನ್ನಡ ಯಾರಿಗೆ ಗೊತ್ತಾಗತ್ತೆ ಅಂತ. ಆ ಹುಡುಗ ತಿರುಗಿ "ಪರ್ವಾಗಿಲ್ಲ ಆಂಟಿ, ಬರ್ಲಿ, ಜಾಗ ಇದೆ" ಅಂದ!

ದಾವಣಗೆರೆ ಹುಡುಗ, ಆ ಹುಡುಗಿ ತುಮಕೂರು, ಮದುವೆಯಾಗಿ ಇನ್ನೂ ಒಂದು ವರ್ಷ ಆಗಿಲ್ಲ. ನಾನು ನೀರೊಳಗೇ ಮುಳುಗಿಹೋಗ್ಬೇಕು ಅನ್ಕೊಂಡೆ. ಇವ್ರಿಗೆ ಒಂದಕ್ಷರ ಕೇಳ್ಸಿಲ್ಲ, ಅವನಿಗೆ ಕೈ ಕೊಟ್ಟು "ಗುಡ್ ಈವನಿಂಗ್, ಲವ್ಲಿ ವೆದರ್" ಅಂದ್ರು. ಆಮೇಲೆ ನಾಲ್ಕೂ ಜನ ಅದೇ ಮೂಲೇಲಿ ನಿಂತು ಹರಟಿದ್ದೇ ಹರಟಿದ್ದು. ಡಾಕ್ಟ್ರು ಹೇಳಿದಂಗೆ ಆಗಾಗ ಎದ್ದು ನೀರು ಕುಡಿದ್ವಿ, ಎರಡು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ.

ಮಗ ಶನಿವಾರ ಆ ಹಳೇ ಫೋಟೋ ಎಲ್ಲಾ ಹಿತ್ತಲ ಗೋಡೆಗೆ ಬೆಡ್‌ಶೀಟ್ ಕಟ್ಟಿ ಓಡಿಸೇಬಿಟ್ಟ. ಹಾರಾನೂ ಬದಲಾಯಿಸಿದ್ವಿ, ಬಿಡ್ಲಿಲ್ಲ.

ರೆಡಿಂಗ್_ರಶ್ಮಿ
ಆಂಟಿ ನಾನು ಟ್ರೈನಲ್ಲಿ ಕೂತು ಓದ್ತಾ ಜೋರಾಗಿ ನಕ್ಕುಬಿಟ್ಟೆ ಎಲ್ರೂ ನೋಡ್ತಿದಾರೆ 😂 "ಜಾಗ ಇದೆ" 😂😂

ಕುಡ್ಲದ_ಹುಡುಗ
ಹ್ಹಹ್ಹ ಇನ್ನು ಮೇಲೆ ಥರ್ಮೆಯಲ್ಲಿ ಕನ್ನಡದಲ್ಲಿ ಯಾರ ಬಗ್ಗೆಯೂ ಮಾತಾಡುವ ಹಾಗಿಲ್ಲ. ಆ ಕಟ್ಟಡಕ್ಕೂ ಒಂದು ಕತೆ ಉಂಟು. 2002ರಲ್ಲಿ ತೆರೀಬೇಕಿತ್ತು, 2003ರಲ್ಲಿ ದೊಡ್ಡ ಗಾಯಕರನ್ನೆಲ್ಲ ಕರೆಸಿ ಉದ್ಘಾಟನೆ ಹಾಡುಗಾರಿಕೆಯೂ ಆಯ್ತು, ಕೊಳದ ಪೇಂಟ್ ಕಿತ್ತು ಬಂದು ಕಟ್ಟಡ ಮಾತ್ರ ತೆರೀಲಿಲ್ಲ. ಹದಿಮೂರು ಮಿಲಿಯನ್ ಪೌಂಡ್ ಅಂದಿದ್ದು ನಲವತ್ತೈದು ಮಿಲಿಯನ್ ಆಸುಪಾಸು ಹೋಯ್ತು. ನಮ್ಮ ಊರಿನ ಫ್ಲೈಓವರ್‌ಗೆ ಬೈಯುವಾಗ ನಾನು ಇದನ್ನೇ ನೆನಪು ಮಾಡ್ಕೊಳ್ಳೂದು.

ಪೇಡೆ_ಡಾಕ್ಟರ್
ಭಾಳ ಖುಷಿ ಆತ್ರಿ ಅಕ್ಕಾರ. ಸರ್‌ಗೆ ಹೇಳ್ರಿ, ಕೊಳದಾಗ ಹಾಕ್ಕೊಳ್ಳಿಕ್ಕ ನಂಬರ್ ಇರೋ ಸ್ವಿಮ್ಮಿಂಗ್ ಗಾಗಲ್ ಸಿಗ್ತಾವ, ಭಾಳ ತುಟ್ಟಿ ಏನಲ್ಲ.

ತುಂಗಾ_ತೀರ
ಮೇಡಂ, ನಮ್ಮ ಮಗಳು ಸೌತಾಂಪ್ಟನ್‌ನಲ್ಲಿ ಓದ್ತಾ ಇದಾಳೆ, ಸೆಪ್ಟೆಂಬರಲ್ಲಿ ನಾವಿಬ್ರೂ ಬರ್ತಾ ಇದೀವಿ. ಆ ಉದ್ದ ತೋಳಿನ ಡ್ರೆಸ್ ಎಲ್ಲಿ ತಗೊಂಡ್ರಿ ಅಂತ ನಮ್ಮನೆಯೋಳು ಕೇಳ್ತಿದಾಳೆ.

ಜಾಜಿ_ಬಳ್ಳಿ
ಹಹ, ಬರ್ಲಿ ಬರ್ಲಿ! ಲಿಂಕ್ ನಿಮಗೆ ಮೆಸೇಜ್ ಮಾಡ್ತೀನಿ. ಒಂದು ಸೈಜ್ ದೊಡ್ಡದು ತಗೊಳ್ಳಕ್ಕೆ ಹೇಳಿ, ಒದ್ದೆ ಆದ್ಮೇಲೆ ತೋಳು ಬಿಚ್ಚಕ್ಕೆ ಇವರನ್ನ ಕರೀಬೇಕಾಯ್ತು.